ಎರಡನೆಯ ಗೆರೆ

ಗ್ರಿಮ್ಸ್‌ಬಿಯ ಮೀನು ಮಾರುಕಟ್ಟೆಯ ಹಿಂದೆ ನಮ್ಮ ಬಿಳಿ ವ್ಯಾನು.
ಗಾಳಿಗೆ ಬಾಗಿಲು ನಿಲ್ಲುವುದಿಲ್ಲವೆಂದು ಇಟ್ಟಿಗೆ ಆನಿಸಿದ್ದೇನೆ.
ನೆವಿಲ್ ಥಾರ್ಪ್, ಅರವತ್ತೆಂಟು,
ಹ್ಯಾಡಕ್ ಮೀನಿಗೆ ಹೊಗೆ ಕೊಡುವ ಗೂಡಿನಲ್ಲಿ ಇಪ್ಪತ್ತೊಂಬತ್ತು ವರ್ಷ,
ಅದಕ್ಕೂ ಮೊದಲು ಹಡಗು.
ಬೆರಳು ಚಾಚಿದ. ಚುಚ್ಚಿದೆ. ರಕ್ತ ಬರಲಿಲ್ಲ.
ಚಾಕು, ಉಪ್ಪು, ಮಂಜುಗಡ್ಡೆ ಸೇರಿ
ತೊಗಲನ್ನು ಚಪ್ಪಲಿಯ ಅಟ್ಟೆ ಮಾಡಿಬಿಟ್ಟಿವೆ.
"ಇನ್ನೊಂದು ಸಲ ಚುಚ್ಚು ತಾಯಿ,
ಒಳಗೆ ಇದೆ, ನಾನು ಕಂಡಿದ್ದೇನೆ."

ಕೊನೆಗೂ ಒಂದು ಹನಿ.
ಅದರ ಮೇಲೆ ಎರಡು ಹನಿ ದ್ರಾವಣ.
ಇಪ್ಪತ್ತು ನಿಮಿಷ.

ಆ ಇಪ್ಪತ್ತು ನಿಮಿಷದಲ್ಲಿ ಆತ ತೋಳು ಮಡಚಿ ತೋರಿಸಿದ್ದು
ಮಸಿ ಹರಡಿ ಕಾಗೆಯಂತಾದ ಒಂದು ಕಡಲಹಕ್ಕಿ.
ಎಪ್ಪತ್ತೊಂಬತ್ತರಲ್ಲಿ, ಅಬರ್ಡೀನಿನ ಬಂದರಿನಲ್ಲಿ,
ಏಳು ಹುಡುಗರು, ಒಂದೇ ಸೂಜಿ.
"ನನ್ನದು ಆರನೆಯ ತೋಳು" ಅಂದ,
ಲಾಟರಿ ಸಂಖ್ಯೆ ಹೇಳುವವನ ಹಾಗೆ.

ರಾಯಚೂರಿನ ಹಾಸ್ಟೆಲಿನಲ್ಲಿ ನನ್ನಮ್ಮ
ಇನ್ನೂರು ಜನಕ್ಕೆ ಅನ್ನ ಮಾಡುತ್ತಿದ್ದಳು.
ಒಂದೇ ಅಗುಳು ಹಿಸುಕಿ ನೋಡಿ
ಹಂಡೆ ಇಳಿಸುವಳು.
ಹೆಚ್ಚುಕಡಿಮೆ ಎಂದೂ ತಪ್ಪಲಿಲ್ಲ.
ಆ ಹೆಚ್ಚುಕಡಿಮೆಯ ತಳದಲ್ಲಿ
ಒಮ್ಮೊಮ್ಮೆ ನುಚ್ಚು ಉಳಿದಿರುತ್ತಿತ್ತು,
ಅದು ಕಡೆಯ ಪಂಕ್ತಿಯವರ ತಟ್ಟೆಗೆ.

ಮೇಲಿನ ಗೆರೆ ಮೂಡಿತು: ಪಟ್ಟಿ ಸರಿಯಿದೆ ಎಂಬ ಗೆರೆ.
ಕೆಳಗೆ?
ಇದೆ ಅಂದರೆ ಇದೆ.
ಒಗೆದೊಗೆದು ಬಣ್ಣ ಹೋದ ಸೀರೆಯ ಅಂಚು,
ಬಳೆ ತೆಗೆದ ಕೈಯಲ್ಲಿ ಉಳಿದ ಗುರುತು.
ಬೆಳಕಿಗೆ ಹಿಡಿದೆ, ವಾರೆ ಮಾಡಿದೆ, ಕನ್ನಡಕ ಒರೆಸಿದೆ.
ಗೆರೆ ಎಷ್ಟೇ ಮಸುಕಾಗಿರಲಿ ಗೆರೆಯೇ, ಎನ್ನುತ್ತದೆ ಪೆಟ್ಟಿಗೆಯೊಳಗಿನ ಚೀಟಿ.
ಚೀಟಿಗೆ ನೆವಿಲನ ಮುಖ ನೋಡುವ ಕೆಲಸವಿಲ್ಲ.

ಮೊಣಕೈ ಮಡಿಕೆಯಿಂದ ಒಂದು ನಳಿಗೆ ತುಂಬಿಸಿ
ಪ್ರಯೋಗಾಲಯಕ್ಕೆ ಕಳಿಸಿದೆ.

ಅಲ್ಲಿ ಅಯೋಡೆಲೆ ಇದ್ದಾನೆ. ಆತನ ಯಂತ್ರಕ್ಕೆ ಅವಸರವಿಲ್ಲ.
ಗಿರ್ರನೆ ತಿರುಗಿಸಿ ಕೆಂಪನ್ನು ತಳಕ್ಕಿಳಿಸಿ
ಮೇಲೆ ನಿಂತ ಹುಲ್ಲುಬಣ್ಣದ ತಿಳಿಯನ್ನಷ್ಟೇ ಹೀರಿ
ತೊಳೆದು, ಕಾಯಿಸಿ, ಮತ್ತೆ ತೊಳೆದು,
ಚಿನಿವಾರ ಗುಲಗಂಜಿ ಇಟ್ಟು ತೂಗುವಂತೆ
ಬೆಳಕನ್ನು ತೂಗುತ್ತದೆ.
ಅದು ಹೌದು, ಇಲ್ಲ ಅನ್ನುವುದಿಲ್ಲ.
ಒಂದು ಅಂಕಿ ಕೊಡುತ್ತದೆ.
ನಾಲ್ಕನೆಯ ದಿನ ಕೊಡುತ್ತದೆ.

ಆ ನಾಲ್ಕು ದಿನ ನೆವಿಲ್
ತನ್ನ ಚಹಾದ ಮಗ್ಗನ್ನು ಬೇರೆ ಗೂಟಕ್ಕೆ ತೂಗುಹಾಕಿದ್ದ.
ಕ್ಷೌರದ ಅಲಗನ್ನು ಉಣ್ಣೆಯ ಕಾಲುಚೀಲದೊಳಗೆ ಅಡಗಿಸಿದ್ದ.
ಮೊಮ್ಮಗಳು ಮುತ್ತಿಡಲು ಬಂದರೆ ಕೆಮ್ಮು ಅಂದಿದ್ದ.
ಮಗ್ಗಿನಿಂದ ಇದು ಹರಡುವುದಿಲ್ಲವೆಂದು ಎರಡು ಸಲ ಹೇಳಿದ್ದೆ.
ಕೇಳಿಸಿಕೊಂಡಿದ್ದ.

ಶನಿವಾರ ಫೋನಿನಲ್ಲಿ ಅಯೋಡೆಲೆ:
"ಒಂದರ ಮೇಲಿದ್ದರೆ ಇದೆ ಅಂತ ಲೆಕ್ಕ. ಇದು ಒಂದು ಬಿಂದು ಒಂಬತ್ತು.
ನಿನ್ನ ಗೆರೆ ಸುಳ್ಳಲ್ಲ.
ಅದೇ ನಳಿಗೆಯಲ್ಲಿ ವೈರಸ್ಸನ್ನೂ ಹುಡುಕಿದೆ.
ಇಲ್ಲ."

ನೆವಿಲ್ ಬಹಳ ಹೊತ್ತು ಸುಮ್ಮನಿದ್ದ.
ಪ್ರತಿಕಾಯ ಅಂದರೆ ಕಳ್ಳನಲ್ಲ, ಕಾವಲಿನವ,
ಕಳ್ಳ ಹೋದ ಮೇಲೂ ಕೋಲು ಹಿಡಿದು ಕೂತಿರುತ್ತಾನೆ,
ಈಗ ಅವನಿಗೂ ವಯಸ್ಸಾಗಿ ತೂಕಡಿಕೆ,
ಅದಕ್ಕೇ ಇರಬಹುದು ಆ ಮಸುಕು ಅಂದೆ.
"ಹಾಗಾದರೆ ಓಡಿಸಿದ್ದು ಯಾರು?"
"ನೀವೇ."
"ಯಾವಾಗ?"

ಅದು ಪಟ್ಟಿಗೂ ಗೊತ್ತಿಲ್ಲ, ಯಂತ್ರಕ್ಕೂ ಗೊತ್ತಿಲ್ಲ.
ಎಂಬತ್ತೊಂದರಲ್ಲೊಮ್ಮೆ ಒಂದು ತಿಂಗಳು
ಹೊಗೆಯ ವಾಸನೆಗೇ ವಾಂತಿ ಬರುತ್ತಿತ್ತು, ಕಣ್ಣು ಹಳದಿ,
ಮಾಲೀಕ ಕುಡುಕನೆಂದು ಸಂಬಳ ಹಿಡಿದಿದ್ದ
ಎಂದು ನೆನಪಿಸಿಕೊಂಡ.
"ಆ ದುಡ್ಡು ಈಗ ಕೇಳಬಹುದಾ?"

ನಗುತ್ತಾ ಬೆರಳು ತೋರಿಸಿದ.
ಮಂಗಳವಾರದ ಚುಕ್ಕೆ ಇನ್ನೂ ಅಲ್ಲೇ ಇತ್ತು.
ಆರನೆಯವ ಈತ.
ಉಳಿದ ಆರು ತೋಳುಗಳ ಹೆಸರು ಕೇಳಿ
ಚೀಟಿಯ ಹಿಂದೆ ಬರೆದುಕೊಂಡೆ.
ಎರಡು ಹೆಸರಿಗೆ ಆತ ತಲೆಯಾಡಿಸಿದ, ಬೇಡ, ಅವು ಬೇಡ.