ಸೊನ್ನೆ ಹಾಕಿ ನೋಡು

ನೀರಿಳಿದ ಮೇಲೆ ಮೊಣಕಾಲುದ್ದ ಕೆಸರಿಗಿಳಿದು
ಕಿತ್ತದ್ದು, ಜಾಲಾಡಿಸಿದ್ದು, ಕಲ್ಲುಗಳ ಮೇಲೆ ಹರವಿದ್ದು,
ಬಿಸಿಲು ಕಣ್ಣುಮುಚ್ಚಾಲೆ ಆಡಿದ ನಾಲ್ಕು ದಿನ
ಮಗುಚಿ ಮಗುಚಿ ಒಣಗಿಸಿದ್ದು.
ಚಿಲೋಯೆಯ ಈ ಕೊಲ್ಲಿಯಲ್ಲಿ ನಾವಿದಕ್ಕೆ
ಪೆಲಿಯೊ ಅನ್ನುತ್ತೇವೆ. ಎಳೆಗೂದಲು.
ಕಡಲು ತಲೆ ಬಾಚಿಕೊಂಡಾಗ
ಹಣಿಗೆಗೆ ಸಿಕ್ಕಿದಷ್ಟು ನಮ್ಮದು.

ನನ್ನ ಚೀಲ ಹನ್ನೆರಡು ಕಿಲೋ.
ಒತೀಲಿಯಾಳದ್ದು ಒಂಬತ್ತು.
ಎದುವಿನಾಳದ್ದು ಎಷ್ಟೋ, ನಾನು ಕೇಳಲಿಲ್ಲ:
ನಮ್ಮ ನಡುವೆ ಮಾತು ನಿಂತು ಎರಡು ವರ್ಷ,
ಒಂದು ದೋಣಿಹಗ್ಗದ ದೆಸೆಯಿಂದ.

ದಕ್ಕೆಗೆ ಆ ದಿನ ಮೂರು ಲಾರಿ ಬಂದವು.
ಒಬ್ಬ ರಟ್ಟಿನ ಮೇಲೆ ಕೋಷ್ಟಕ ಬರೆದು ತಂದಿದ್ದ:
ನಾಲ್ಕು ಕಿಲೋಗೆ ಸಾವಿರದ ಎಂಟುನೂರು ಪೆಸೊ,
ಹತ್ತಕ್ಕೆ ನಾಲ್ಕೂವರೆ ಸಾವಿರ,
ಹದಿನೈದರ ಸಾಲು ಮಳೆಗೆ ಅಳಿಸಿತ್ತು.
ಇನ್ನೊಬ್ಬನದು ಚೌಕುಳಿ ಹಾಳೆ.
ಮೂಲೆಯಿಂದ ಹೊರಟ ಕೆಂಪು ಗೆರೆ
ಕಡಿಬಂಡೆಯ ಹಾಗೆ ನೆಟ್ಟಗೆ ಮೇಲಕ್ಕೆ!
ಒತೀಲಿಯಾ ಆಗಲೇ ಚೀಲ ಎತ್ತಿದ್ದಳು.
ಮೂರನೆಯವನು ಏನನ್ನೂ ತಂದಿರಲಿಲ್ಲ,
ಲಾರಿ ಬಾಗಿಲ ಧೂಳಿನಲ್ಲಿ ಬೆರಳಿಂದ ಬರೆದ:
ಹಣ = ೪೮೦ × ಕಿಲೋ − ೬೦೦.
ಆ ಕೊನೆಯ ತುಂಡಿಗೆ ‘ಸಾಗಣೆ’ ಅಂದ,
ಕೆಮ್ಮಿನ ನಡುವೆ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು.
ಮೊಮ್ಮಗಳು ಮೈತೆನ್‌ಗೆ ಹದಿಮೂರು,
ಮೂಗು ಸೋರುತ್ತಿತ್ತು, ಪೆನ್ಸಿಲು ಕಿವಿಯ ಮೇಲಿತ್ತು.
‘ಒಂದು ಕಿಲೋಗೆ ಇಳಿಸೋಣ ಎಲ್ಲವನ್ನೂ’ ಅಂದಳು,
ಮೂರು ಗಂಡಸರನ್ನು ಒಂದೇ ಬೆಂಚಿನಲ್ಲಿ ಕೂರಿಸುವವಳಂತೆ.

ರಟ್ಟಿನವನದು: ಯಾವ ಸಾಲು ಭಾಗಿಸಿದರೂ ನಾನೂರ ಐವತ್ತು.
ಕೆಂಪು ಗೆರೆಯ ಕೆಳಗೆ ಐದು ಕಿಲೋ ಹತ್ತಿರ ಬೆರಳಿಟ್ಟು
ಮೇಲಕ್ಕೆ ಮನೆ ಎಣಿಸಿದಳು, ಇಪ್ಪತ್ತೊಂದು.
ಮನೆಗೆ ಬರೀ ನೂರು ಪೆಸೊ, ಅಂಚಿನಲ್ಲಿ ಸಾಸಿವೆಯಕ್ಷರದಲ್ಲಿ.
ಕಿಲೋಗೆ ನಾನೂರ ಇಪ್ಪತ್ತು!
ಹಾಳೆಯನ್ನು ಉದ್ದಕ್ಕೆ ಎಳೆದರೆ
ಯಾವ ದಿಣ್ಣೆಯೂ ಪರ್ವತವೇ.
ಏರಿದ್ದೆಲ್ಲ ಬೆಲೆಯಲ್ಲ.
ಒತೀಲಿಯಾ ಚೀಲ ಇಳಿಸಿದಳು.

ಧೂಳಿನವನ ಎದುರು ಅವಳು ತುಸು ಹೊತ್ತು ನಿಂತಳು.
ನಾನೂರ ಎಂಬತ್ತು ನನಗೂ ಕಾಣುತ್ತಿತ್ತು.
‘ಸೊನ್ನೆ ಹಾಕಿ ನೋಡು, ಅಜ್ಜಿ.
ಖಾಲಿ ಚೀಲ ಹಿಡಿದು ಬಂದರೆ
ಅವರಿಬ್ಬರೂ ಏನೂ ಕೊಡುವುದಿಲ್ಲ, ಸರಿ.
ಇವನಿಗೆ ನೀನೇ ಆರುನೂರು ಕೊಡಬೇಕು.’
ಆಮೇಲೆ ಒಂದೇ ಹಾಳೆಯಲ್ಲಿ, ಒಂದೇ ಅಳತೆಗೆ,
ಮೂರನ್ನೂ ಎಳೆದಳು.
ಎರಡು ಗೆರೆ ಒಂದೇ ಹೊಸ್ತಿಲು ದಾಟಿ ಹೊರಟವು,
ಮೂರನೆಯದು ನೆಲದಡಿಯಿಂದ ಏದುತ್ತ ಬಂದು
ಇಪ್ಪತ್ತು ಕಿಲೋ ಹತ್ತಿರ
ರಟ್ಟಿನವನ ಗೆರೆಯನ್ನು ಮುಟ್ಟಿತು. ದಾಟಿತು.

ಹನ್ನೆರಡಕ್ಕೆ ಐದು ಸಾವಿರದ ನಾನೂರು, ರಟ್ಟಿನವನಲ್ಲಿ.
ಧೂಳಿನವನಲ್ಲಿ ಇನ್ನೂರ ನಲವತ್ತು ಕಮ್ಮಿ.
ನಾನು ರಟ್ಟಿನ ಕಡೆ ತಿರುಗಿದೆ.
ಹುಡುಗಿ ಅಲ್ಲಿರಲಿಲ್ಲ.
ಎದುವಿನಾಳ ಚೀಲವನ್ನು ತಕ್ಕಡಿಯ ಕೊಕ್ಕೆಗೆ ಏರಿಸುತ್ತಿದ್ದಳು,
ಹೇಳದೆ ಕೇಳದೆ. ಹದಿನಾಲ್ಕು.

ಹನ್ನೆರಡು, ಒಂಬತ್ತು, ಹದಿನಾಲ್ಕು
ಒಂದೇ ಹೆಸರಿನಲ್ಲಿ ಲಾರಿ ಹತ್ತಿದವು.
ಹದಿನಾರು ಸಾವಿರದ ಇನ್ನೂರು.
ರಟ್ಟಿನವನು ಕೊಡುತ್ತಿದ್ದುದಕ್ಕಿಂತ ನಾನೂರ ಐವತ್ತು ಹೆಚ್ಚು:
ಕಡಲು ಕೊಡದ ಒಂದು ಕಿಲೋ.

‘ಹೆಚ್ಚಿಗೆಯದನ್ನು ಹಂಚುವುದು ಹೇಗೆ?’ ಎದುವಿನಾ ಕೇಳಿದಳು,
ಚೀಲದ ಕಡೆ ನೋಡುತ್ತ.
ಮೈತೆನ್ ಮೂವತ್ತೈದರಿಂದ ಭಾಗಿಸತೊಡಗಿದಳು,
ಚುಕ್ಕಿಯ ಆಚೆ ಅಂಕೆಗಳು ನಿಲ್ಲಲೇ ಇಲ್ಲ.
ಕೊನೆಗೆ ಅಂಗಡಿಯಿಂದ ಹಿಟ್ಟು ತಂದೆವು,
ಒತೀಲಿಯಾ ರೊಟ್ಟಿ ಕರಿದಳು.

ಎದುವಿನಾ ಎರಡು ತಿಂದಳು. ಉಪ್ಪು ಜಾಸ್ತಿ ಅಂದಳು.
ಇಷ್ಟೇ ಮಾತು.
ನಮ್ಮ ಗೆರೆ ಹೊಸ್ತಿಲಿಂದ ಹೊರಟದ್ದಲ್ಲ,
ಆರುನೂರು ಕೆಳಗಿನಿಂದ.
ಇಪ್ಪತ್ತು ಇನ್ನೂ ದೂರ.
ಹಗ್ಗ ನನ್ನ ಹಿತ್ತಲ ಮಾಡಿನಲ್ಲೇ ಇದೆ.