ಎಷ್ಟು ಮೆತ್ತಗೆ

ಬಂದವರೆಲ್ಲ ಮೊದಲು ಕೇಳುವುದು ಒಂದೇ:
ಎಷ್ಟು ಜೋರು?
ಹದಿನಾರು ಚಳಿಗಾಲ ಈ ತಗಡಿನ ಕಂಟೇನರಿನಲ್ಲಿ
ಏರ್ ಗನ್ನು ಮಾರಿದ್ದೇನೆ.
ಉಲಾನ್‌ಬಾತರಿನ ಕಾರುಸಂತೆ, ಕೊನೆಯ ಸಾಲು,
ಒಲೆಯ ಹೊಗೆಕೊಳವೆ ಓರೆಯಾಗಿರುವ ಅಂಗಡಿ.
ನನಗೂ ಬಾಯಿಪಾಠ:
ಇದು ಐನೂರು, ಇದು ಎಂಟುನೂರು, ಇದು ಸಾವಿರದ ಮುನ್ನೂರು,
ತುಕ್ಕು ಹಿಡಿದ ನಟ್ಟು ತಾನೇ ಕೈಮುಗಿದು ಇಳಿದು ಬರುತ್ತೆ ಅಣ್ಣಾ.
ಅಂಕಿ ಕೇಳಿದರೆ ಗಂಡಸರ ಭುಜ ಒಂದಂಗುಲ ಏರುತ್ತದೆ.
ಆ ಅಂಕಿ ಬರೆದವನು ಯಾವ ನಟ್ಟು ಬಿಚ್ಚಿ ಬರೆದನೋ,
ನಾನಂತೂ ನೋಡಿಲ್ಲ.

ಖಾಂಡ್‌ಸುರೆನ್ ಬಂದದ್ದು ಮೈನಸ್ ಮೂವತ್ತೊಂದರ ಬೆಳಿಗ್ಗೆ,
ನಲೈಖಿನಿಂದ, ಕಲ್ಲಿದ್ದಲ ಲಾರಿ ಹತ್ತಿ.
ಅಲ್ಲಿ ರಸ್ತೆ ಬದಿ ಒಂದು ಟೈರು ನಿಲ್ಲಿಸಿ
ಅದರ ಮೈಮೇಲೇ ಸುಣ್ಣದಲ್ಲಿ ಬರೆದಿದ್ದಾಳಂತೆ, ಪಂಕ್ಚರ್.
ಅಷ್ಟೇ ಬೋರ್ಡು.
ಕೈಗವಸು ತೆಗೆಯದೆ ಮುಕ್ಕಾಲಿಂಚಿನ ದೊಡ್ಡದನ್ನು ಎತ್ತಿದಳು,
ಇಳಿಸಿದಳು. ಮತ್ತೆ ಎತ್ತಿದಳು,
ಈ ಸಲ ಕುಕ್ಕರಗಾಲಲ್ಲಿ ಕೂತು, ತೋಳು ಚಾಚಿ,
ಎದುರಿಗೆ ಚಕ್ರವೇ ಇದ್ದಹಾಗೆ.
ನಾನು ಇಪ್ಪತ್ತು ಎಣಿಸುವಷ್ಟು ಹೊತ್ತು.
‘ದಿನಕ್ಕೆ ನಲವತ್ತು ಚಕ್ರ,’ ಅಂದಳು, ‘ಚಕ್ರಕ್ಕೆ ಐದು.
ಬಿಚ್ಚುವುದೊಂದು ಸಲ, ಕಟ್ಟುವುದೊಂದು ಸಲ.
ಗುಣಿಸಿಕೋ.’

ಗುಣಿಸಿಕೊಂಡೆ. ಸುಮ್ಮನಾದೆ.

ಕಂಪ್ರೆಸರ್ ಯಾವುದು ಎಂದು ಕೇಳಬೇಕಿದ್ದವನು ನಾನು.
ಅವಳೇ ಹೇಳಿದಳು: ಐವತ್ತು ಲೀಟರಿನದು,
ಗಂಡನ ತಮ್ಮ ಬಿಟ್ಟುಹೋದದ್ದು, ಬೆಳಿಗ್ಗೆ ಕೆಮ್ಮಿ ಕೆಮ್ಮಿ ಏಳುತ್ತೆ.
‘ನಿನ್ನ ಸಾವಿರದ ಮುನ್ನೂರಕ್ಕೆ ಅದರ ಗಾಳಿ
ಒಂಟೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ಲಾರಿಯವರು ನನ್ನ ಹತ್ತಿರ ಬರಲ್ಲ. ಬರುವುದೆಲ್ಲ
ಜಪಾನಿನಲ್ಲಿ ಸವೆದು ಇಲ್ಲಿಗೆ ಬಂದ ಪ್ರಿಯಸ್ಸುಗಳು.’
ಪೈಪಿನಲ್ಲಿ ನೀರು ಕೂತು ಹೆಪ್ಪುಗಟ್ಟುತ್ತೆ, ತೆಳ್ಳನೆ ಎಣ್ಣೆ ಕೊಡು ಅಂದಳು.
ಬರೀ ಲೋಹದ ಹಿಡಿ ಬೇಡ,
ಈ ಚಳಿಯಲ್ಲಿ ಅದು ಅಂಗೈ ಚರ್ಮ ಕೇಳುತ್ತೆ.
ಆಮೇಲೆ, ಹೊಸಬಳ ಹಾಗೆ, ತುಸು ನಾಚಿ:
‘ತೀರಾ ಮೆತ್ತಗೆ ಅಂದರೆ, ಎಷ್ಟು ಮೆತ್ತಗೆ ಹೊಡೆಯುತ್ತೆ ಇದು?’

ಬೆನ್ನ ಹಿಂದಿನ ತಿರುಗಣಿಯನ್ನು ಒಂದಕ್ಕೆ ತಂದೆ.
ಒಂದರ ಗೀರಿನಲ್ಲಿ ಕಾರ್ಖಾನೆಯ ಗ್ರೀಸು
ಹಾಗೇ ಇತ್ತು, ಯಾರ ಬೆರಳೂ ತಾಗದೆ.

ಉಪ್ಪುಚಹಾ ಕುಡಿಯುತ್ತಾ ಹೇಳಿದಳು.
ಹೋದ ವರ್ಷ, ಬೇರೆ ಅಂಗಡಿ, ಹೊಸ ಹುಡುಗ.
ಗನ್ನು ದಣಿಯುವ ತನಕ ಬಿಗಿದಿದ್ದಾನೆ.
ದಾರ್ಖಾನಿನ ದಾರಿಯಲ್ಲಿ ಬೋಲ್ಟುಗಳು ಒಂದೊಂದಾಗಿ ಲಟಕ್ಕೆಂದು,
ಚಕ್ರ ಕಾರನ್ನೇ ಹಿಂದೆ ಹಾಕಿ ಓಡಿತಂತೆ ಬಯಲಿಗೆ.
‘ಒಳಗಿದ್ದವಳು ನಾನೇ. ನಗಬೇಡ.’
ಎರಡು ದಿನದ ಮೇಲೆ ಕುರಿಯವನೊಬ್ಬ
ಬೈಕಿನ ಹಿಂದೆ ಕಟ್ಟಿಕೊಂಡು ತಂದು ವಿಚಾರಿಸಿದನಂತೆ,
ಇದು ನಿಮ್ಮದಾ?
ನಾನು ನಕ್ಕೆ. ಅವಳೂ ನಕ್ಕಳು, ಅರ್ಧಕ್ಕೆ ನಿಂತಳು.

ಕೊನೆಗೆ ಅರ್ಧ ಇಂಚಿನದು, ಎರಡು ಕಿಲೋಗೂ ಕಡಿಮೆ.
ಬೆಲೆಗೆ ಜಗ್ಗಾಡಿದಳು, ಎಣ್ಣೆ ಪುಕ್ಕಟೆ ಆಯಿತು.
ಮೇಜಿಗೆ ಜಡಿದ ಹಳೇ ಹಬ್ಬಿನ ಮೇಲೆ ನೋಡಿದಳು:
ಒಂದರಲ್ಲಿ, ಟಿಕ್ ಟಿಕ್ ಟಿಕ್, ಬಾಗಿಲು ತಟ್ಟುವ ನೆಂಟರ ಹಾಗೆ.
ಅಲ್ಲಿಗೆ ಬಿಟ್ಟು, ಚೀಲದಿಂದ ಉದ್ದ ಸ್ಪ್ಯಾನರ್ ತೆಗೆದು,
ಕಿವಿ ಹತ್ತಿರ ಒಯ್ದು, ಮಿಕ್ಕದ್ದನ್ನು ಕೈಯಲ್ಲೇ ಬಿಗಿದಳು.
ಎಲ್ಲಿ ಸಾಕು ಅನ್ನುವುದು ಅವಳಿಗೆ ಕೇಳಿಸಿರಬೇಕು.
ನನಗೆ ಒಲೆಯ ಸದ್ದು ಮಾತ್ರ.

ಮಧ್ಯಾಹ್ನ ಇನ್ನೊಬ್ಬ ಬಂದ.
ಎಷ್ಟು ಜೋರು?
ಸಾವಿರದ ಮುನ್ನೂರು, ಅಂದೆ. ಅಂಗಡಿ ನಡೆಯಬೇಕಲ್ಲ.
ಹಬ್ಬಿನ ಮೇಲೆ ಬಿಚ್ಚಿ ತೋರಿಸು ಅಂದ.
ಅವಳು ಬಿಗಿದದ್ದನ್ನು ಬಿಟ್ಟು
ಪಕ್ಕದ್ದು ಬಿಚ್ಚಿ ತೋರಿಸಿದೆ.