ಒಂಬತ್ತೂವರೆ ಅಂಗುಲ

ತಾಳವಾಡಿ ಸಂತೆಯಲ್ಲಿ ಕೊಂಡ ನಲವತ್ತು ಹಾಳೆಯ ಪುಸ್ತಕ.
ಎಡಕ್ಕೆ ಲೀಟರು, ನಡುವೆ ಮೀಟರು, ಬಲಕ್ಕೆ ಭಾಗಾಕಾರ.
ಜೀಪು ನನ್ನದು. ಓಡಿಸುವವನು ಕ್ಯಾತ.
ಲೀಟರಿಗೆ ಹನ್ನೆರಡು ಕೊಡುತ್ತಿದ್ದ ಗಾಡಿ
ಯುಗಾದಿ ಕಳೆದದ್ದೇ ಒಂಬತ್ತಕ್ಕೆ ಇಳಿಯಿತು.
ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ.

ಟೈರು ಬೇಕೆಂದವನು ಅವನೇ:
ಹಳ್ಳದ ಗುಂಡಿಗೆ ಹೊಟ್ಟೆ ತಗಲ್ತದ ಅಕ್ಕ,
ವಸಿ ಎತ್ತರ ಆಗ್ಬೇಕು.
ಸತ್ತಿಯ ವೇಲುಚ್ಚಾಮಿ ಅಂಗಡಿಯಲ್ಲಿ ನಾಲ್ಕು ಹಾಕಿಸಿದೆವು,
ಒರಳಿನಷ್ಟು ದಪ್ಪ, ಮೊಸಳೆಬೆನ್ನಿನ ಗೀರು.
ದಿಂಬದ ಇಪ್ಪತ್ತೇಳು ತಿರುವು ಹತ್ತುವಾಗ
ಹೆಜ್ಜೇನಿನ ಹಾಗೆ ಗುಂಯ್ಗುಟ್ಟಿದವು.
ನನಗೆ ಜಂಬವೇ ಆಯಿತು, ಸುಳ್ಳೇಕೆ.

ಆಮೇಲೆ ಲೆಕ್ಕ ಹಿಡಿಯಿತು ನನ್ನನ್ನು.
ಕ್ಯಾತನ ಭಾವಮೈದುನನಿಗೆ
ನೀರೆತ್ತುವ ಡೀಸಲ್ ಎಂಜಿನ್ ಇದೆಯೆಂದು
ಯಾರೋ ಹಾಲಿನ ಡೇರಿಯಲ್ಲಿ ಅಂದರು.
ಸಾಲದೇ?
ದಿನದ ಭತ್ಯೆಯಲ್ಲಿ ಎಂಬತ್ತು ಹಿಡಿದೆ,
ಮೂವತ್ತೊಂದು ದಿನ.
ಯಾಕೆಂದು ಅವನು ಕೇಳಲಿಲ್ಲ.
ಕೇಳದಿರುವುದೂ ಒಂದು ಸಾಕ್ಷಿ ಎಂದು ಬರೆದುಕೊಂಡೆ.

ಮೂವತ್ತೆರಡನೆಯ ದಿನ ನಾನೇ ಹತ್ತಿ ಕೂತೆ.
ಹಿಂದೆ ಹನ್ನೆರಡು ಮೂಟೆ ರೇಷನ್ ಅಕ್ಕಿ,
ಮುಂದೆ ನಾನು, ಕಣ್ಣು ಮೀಟರಿನ ಮೇಲೆ.
ತಲಮಲೆ ದಾರಿಯಲ್ಲಿ ತಮಿಳಕ್ಷರದ ಮೈಲಿಗಲ್ಲು
ಒಂದೊಂದೇ ಹಿಂದಕ್ಕೆ ಹೋದವು.
ಬೆರಳು ಮಡಚಿ ಮಡಚಿ ಎಣಿಸಿದೆ.
ಹತ್ತನೆಯ ಕಲ್ಲು ಬಂತು.
ಮೀಟರಿನಲ್ಲಿ ಒಂಬತ್ತು.

ಕಲ್ಲು ತಪ್ಪು ನೆಟ್ಟಿರಬೇಕು ಅಂದುಕೊಂಡೆ.
ಇನ್ನೊಂದು ಹತ್ತು ಎಣಿಸಿದೆ.
ಹದಿನೆಂಟು.

ಮನೆಗೆ ಬಂದು, ರಾಗಿ ಮಿಲ್ಲಿನ ಮುಂದಿನ ಸಿಮೆಂಟು ನೆಲದಲ್ಲಿ
ಟೈರಿಗೊಂದು ನೆಲಕ್ಕೊಂದು ಸುಣ್ಣದ ಗೀಟು ಎಳೆದೆ.
ಮೆಲ್ಲಗೆ ಬಿಡು, ಗೀಟು ಮತ್ತೆ ಕೆಳಕ್ಕೆ ಬರೋವರೆಗೂ.
ರವಿಕೆ ಹೊಲಿಯುವ ಟೇಪು ಎರಡು ಸಲ ಹಾಸಿದೆ:
ಎಂಟಡಿ ಒಂದೂವರೆ ಅಂಗುಲ.
ಹಳೆ ಟೈರಿನೊಳಗೆ ಕಾವು ಕೂತಿದ್ದ ಕೋಳಿಯನ್ನು,
ಶಾಪ ಹಾಕಿಸಿಕೊಂಡು, ಎತ್ತಿಟ್ಟು
ಅದನ್ನೂ ಉರುಳಿಸಿದೆ:
ಏಳಡಿ ನಾಲ್ಕು.

ಸುತ್ತಿಗೆ ಒಂಬತ್ತೂವರೆ ಅಂಗುಲ.
ದೊಡ್ಡ ಗಾಲಿ ಕಡಿಮೆ ಸಲ ತಿರುಗಿ ಹೆಚ್ಚು ದೂರ ಹೋಗುತ್ತದೆ;
ಮೀಟರಿಗೆ ತಿರುಗಿದ್ದಷ್ಟೇ ಗೊತ್ತು, ಹೋದದ್ದು ಗೊತ್ತಿಲ್ಲ.
ಸೊಸೈಟಿಯವರು ನನಗೆ ಬಾಡಿಗೆ ಕೊಟ್ಟದ್ದೂ ಇದೇ ಮೀಟರಿನಲ್ಲಿ.
ಒಂಬತ್ತಕ್ಕೆ ಕಾಸು, ಹತ್ತನೆಯದು ಧರ್ಮಕ್ಕೆ.
ಕಾರ್ಯದರ್ಶಿಯ ಬಳಿ ಹೋಗಿ ಟೇಪು ತೋರಿಸಿದೆ.
ಮೀಟರು ಹೇಳಿದ್ದೇ ಲೆಕ್ಕ ಎಂದ.
ಮೂವತ್ತೊಂದು ದಿನ ನಾನೂ ಅದನ್ನೇ ಅಂದಿದ್ದೆ.

ರಾತ್ರಿ ಮತ್ತೆ ಕೂತು, ಪುಟಕ್ಕೆ ಪುಟ ತಿದ್ದಿ
ಒಂಬತ್ತನ್ನು ಹತ್ತು ಮಾಡಿದೆ.
ಆದರೂ ಹನ್ನೆರಡಾಗಲಿಲ್ಲ.
ಆ ಎರಡು ಕಿಲೋಮೀಟರು ಕದ್ದವರಿಲ್ಲ:
ರಬ್ಬರಿನ ಭಾರ, ಒಂದನೇ ಗೇರಿನ ಏದುಸಿರು,
ಹಳ್ಳದ ನಡುವೆ ತುಳಿದು ಹಿಡಿದ ಎಕ್ಸಲೇಟರು.
ಮೊನ್ನೆ ಬೋನೆಟ್ಟಿನ ತನಕ ನೀರು ಬಂದಾಗ
ಹನ್ನೆರಡೂ ಮೂಟೆ ಒಣಗಿಯೇ ದಾಟಿದ್ದವು.
ಅದನ್ನು ಯಾವ ಕಾಲಮ್ಮಿಗೆ ಹಾಕಲಿ?

ಬೆಳಗ್ಗೆ ಎರಡು ಸಾವಿರದ ನಾನೂರ ಎಂಬತ್ತು
ಕ್ಯಾತನ ಕೈಗಿಟ್ಟೆ. ಕಲ್ಲಿನ ವಿಷಯ ಹೇಳಿದೆ.
ಮೊದಲ ವಾರವೇ ಗೊತ್ತಾಗಿತ್ತು ಎಂದ.
ಮತ್ತೆ ಬಾಯಿಬಿಡಬಾರದಿತ್ತಾ?
ನೀವು ಡೀಸಲ್ ಕೇಳ್ದಿರಿ. ದಾರಿ ಕೇಳ್ನಿಲ್ಲ.

ನೋಟನ್ನು ಎರಡು ಸಲ ಎಣಿಸಿದ.
ಹರಿದ ಐವತ್ತೊಂದನ್ನು ವಾಪಸು ಕೊಟ್ಟು ಬೇರೆ ಇಸಿದುಕೊಂಡ.
ಜೇಬಿಗೆ ಹಾಕಿ, ಹಿಂದಿನ ಎಡಗಾಲಿಯನ್ನು ಒದ್ದು ನೋಡಿ
ಗಾಳಿ ವಸಿ ಕಮ್ಮಿ ಅದ ಅಂದ,
ನನ್ನ ಕಡೆ ತಿರುಗದೆ.